ಎರಡು ಗಡಿಯಾರ, 18 ಸೆಕೆಂಡಿನ ಜಗಳ

ಪ್ರಶ್ನೆ: ಸರ್, ನಾನು ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ನಮ್ಮಲ್ಲಿ ಕೋಜನ್ ಘಟಕ, ಅಂದರೆ ಬಾಯ್ಲರ್ ಹಬೆಯಿಂದ ಕರೆಂಟನ್ನೂ ತೆಗೆಯುವ ಘಟಕ ಇದೆ, ಹಂಗಾಮಿನಲ್ಲಿ ಗ್ರಿಡ್‌ಗೆ ಕರೆಂಟ್ ಮಾರುತ್ತೇವೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ವರ್ಷದ ಹಿಂದೆ ಎರಡು ಜಿಪಿಎಸ್ ಟೈಮ್ ಸರ್ವರ್ ಹಾಕಿಸಿದೆವು. ಉಪಗ್ರಹದಿಂದ ಸಮಯ ಪಡೆದು ಪ್ಲಾಂಟಿನ ಸಾಧನಗಳಿಗೆಲ್ಲ ಹೇಳುವ ಪೆಟ್ಟಿಗೆಗಳು ಇವು. ಕಳೆದ ತಿಂಗಳು ಒಂದು ರಾತ್ರಿ ಇಡೀ ಪ್ಲಾಂಟ್ ಟ್ರಿಪ್ ಆಯಿತು. ಬಾಯ್ಲರ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಪಿಎಲ್‌ಸಿಯ ಲಾಗ್ ಪ್ರಕಾರ ಬಾಯ್ಲರ್‌ಗೆ ನೀರು ಕೊಡುವ ಫೀಡ್ ಪಂಪ್ ನಿಂತದ್ದು 02:41:05ಕ್ಕೆ. ಸ್ವಿಚ್‌ಯಾರ್ಡ್‌ನಲ್ಲಿ ದೋಷ ಕಂಡರೆ ಬ್ರೇಕರ್ ಬಿಚ್ಚಿಸುವ ರಿಲೇಯ ಲಾಗ್ ಪ್ರಕಾರ ಗ್ರಿಡ್ ಬ್ರೇಕರ್ ಬಿಚ್ಚಿಕೊಂಡದ್ದು 02:41:21ಕ್ಕೆ. ಅಂದರೆ ಪಂಪ್ ಮೊದಲು ಹೋಯಿತು, ಅದರಿಂದಲೇ ಎಲ್ಲ ಕೆಟ್ಟಿತು ಅಂತ ತೀರ್ಮಾನಿಸಿ ಬಾಯ್ಲರ್ ಆಪರೇಟರ್‌ಗೆ ಮೆಮೋ ಕೊಟ್ಟರು. ಆತ ಮಾತ್ರ ‘ಮೊದಲು ಲೈಟು ಮಿಣುಕಿತು ಸಾಹೇಬ್ರೆ, ಆಮೇಲೆ ಪಂಪು ನಿಂತಿತು’ ಅಂತಾನೆ. ಈಚೆಗೆ ಎರಡೂ ಸರ್ವರ್ ಹೋಲಿಸಿ ನೋಡಿದೆ. 18 ಸೆಕೆಂಡ್ ವ್ಯತ್ಯಾಸ ಇದೆ. ಎರಡರಲ್ಲೂ ಹಸಿರು ದೀಪ ಉರಿಯುತ್ತಿದೆ. ಸರ್ವರ್ ಮಾರಿದವರು ಮೂರನೆಯದು ತಗೊಳ್ಳಿ ಅಂತಾರೆ. ನೆಟ್‌ವರ್ಕ್ ಗುತ್ತಿಗೆದಾರರು ಎರಡನ್ನೂ ಒಂದೇ ವರ್ಚುವಲ್ ಐಪಿ, ಅಂದರೆ ಎರಡಕ್ಕೂ ಸೇರಿ ಒಂದೇ ನೆಟ್‌ವರ್ಕ್ ವಿಳಾಸದ ಹಿಂದೆ ಇಡೋಣ ಅಂತಾರೆ. ಮತ್ತೊಬ್ಬರು ಪಿಟಿಪಿ ಅನ್ನುವ ಇನ್ನೂ ನಿಖರವಾದ ಸಮಯ ಪದ್ಧತಿಗೆ ಹೋಗಿ ಅಂತಾರೆ. ನಮ್ಮ ಐಟಿಯವರು ಸರ್ಕಾರದ ನಿಯಮ ಇದೆ, ಇಂಟರ್ನೆಟ್‌ನಿಂದಲೇ ಸಮಯ ತಗೋಬೇಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಆಪರೇಟರ್ ಮಾತು ಕೇಳಿ. ಆತ ಹೇಳುತ್ತಿರುವುದೇ ನಿಜ ಇರಬೇಕು ಅಂತ ನನಗೆ ಅನಿಸುತ್ತದೆ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಆ 18.

ಟೈಮ್ ಸಿಂಕ್ ಕೆಲಸದಲ್ಲಿ ವರ್ಷಗಟ್ಟಲೆ ಕೈ ಆಡಿಸಿದವರಿಗೆ ವ್ಯತ್ಯಾಸದ ಅಂಕಿ ಕೇಳಿದರೇ ರೋಗ ಅರ್ಧ ಗೊತ್ತಾಗುತ್ತದೆ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಯಾರೋ ಟೈಮ್ ಝೋನ್ ಹಾಕಲು ಮರೆತಿದ್ದಾರೆ. ಅಷ್ಟೇ ಮುಂದಿದ್ದರೆ ಪಿಎಲ್‌ಸಿಯಲ್ಲಿ ಒಮ್ಮೆ, ಕಂಟ್ರೋಲ್ ರೂಮಿನ ಸ್ಕಾಡಾ ಕಂಪ್ಯೂಟರ್‌ನಲ್ಲಿ ಇನ್ನೊಮ್ಮೆ ಐದೂವರೆ ಕೂಡಿಸಿದ್ದಾರೆ. ಮಾರ್ಚ್ ಕೊನೆಯ ಭಾನುವಾರ ಇದ್ದಕ್ಕಿದ್ದಂತೆ ಒಂದು ಗಂಟೆ ಮುಂದೆ ಹೋದರೆ ಅದು ಯುರೋಪಿನಿಂದ ಬಂದ ಯಂತ್ರ, ಅಲ್ಲಿನ ಬೇಸಿಗೆ ಸಮಯದ ಸೆಟ್ಟಿಂಗ್ ಹಾಗೇ ಉಳಿದಿದೆ. ವ್ಯತ್ಯಾಸ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿದ್ದರೆ ಆ ಸಾಧನ ಯಾರನ್ನೂ ಕೇಳುತ್ತಿಲ್ಲ, ತನ್ನ ಪಾಡಿಗೆ ತಾನು ಓಡುತ್ತಿದೆ. 18 ಸೆಕೆಂಡ್, ಅದೂ ದಿನವೂ ಅಷ್ಟೇ, ಒಂದಿಷ್ಟೂ ಬೆಳೆಯದೆ ಕುಗ್ಗದೆ ಇದೆ ಅಂದರೆ ಒಂದು ಸರ್ವರ್ ಯುಟಿಸಿ, ಅಂದರೆ ಜಗತ್ತೆಲ್ಲ ಬಳಸುವ ಪ್ರಮಾಣ ಸಮಯದ ಲೆಕ್ಕದಲ್ಲಿ ಸಮಯ ಕೊಡುತ್ತಿದೆ, ಇನ್ನೊಂದು ನೇರ ಜಿಪಿಎಸ್ ಲೆಕ್ಕದಲ್ಲಿ ಕೊಡುತ್ತಿದೆ.

ಇದು ಸ್ವಲ್ಪ ಬಿಡಿಸಿ ಹೇಳಬೇಕು. ಜಿಪಿಎಸ್ ಉಪಗ್ರಹಗಳ ಕಾಲ ಶುರುವಾದದ್ದು 1980ರ ಜನವರಿ 6ರಂದು. ಅವತ್ತು ಅದೂ ಯುಟಿಸಿಯೂ ಒಂದೇ ಆಗಿದ್ದವು. ಭೂಮಿ ತಿರುಗುವುದರಲ್ಲಿ ಚೂರು ಏರುಪೇರು ಇರುವುದರಿಂದ ಯುಟಿಸಿಗೆ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸುತ್ತಾರೆ. ಜಿಪಿಎಸ್ ಕಾಲಕ್ಕೆ ಸೇರಿಸುವುದಿಲ್ಲ. 1980ರಿಂದ ಇಲ್ಲಿಯವರೆಗೆ ಹೀಗೆ ಸೇರಿದ್ದು 18. ಕೊನೆಯದು 2016ರ ಡಿಸೆಂಬರ್ 31ರದು. ನಮ್ಮ ಲೆಕ್ಕದಲ್ಲಿ ಅದು ಬಿದ್ದದ್ದು ಹೊಸವರ್ಷದ ಬೆಳಗ್ಗೆ ಐದೂವರೆಗೆ. ಹೀಗಾಗಿ ಜಿಪಿಎಸ್ ಕಾಲ ಈಗ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಉಪಗ್ರಹವೇ ಈ ವ್ಯತ್ಯಾಸವನ್ನೂ ಕೆಳಗೆ ಕಳಿಸುತ್ತದೆ, ರಿಸೀವರ್ ಅದನ್ನು ಕಳೆದು ಯುಟಿಸಿ ಕೊಡುತ್ತದೆ. ಆದರೆ ಎಷ್ಟೋ ಸರ್ವರ್‌ಗಳ ಮೆನುವಿನಲ್ಲಿ ‘ಯಾವ ಕಾಲ ಕೊಡಲಿ, ಜಿಪಿಎಸ್ಸಾ ಯುಟಿಸಿಯಾ’ ಅಂತ ಒಂದು ಆಯ್ಕೆ ಇರುತ್ತದೆ. ಸೈಟಿಗೆ ಬಂದ ಹುಡುಗ ‘ಜಿಪಿಎಸ್ ಸರ್ವರ್ ಅಲ್ವಾ, ಜಿಪಿಎಸ್ ಅಂತಲೇ ಇರಲಿ’ ಎಂದು ಒತ್ತಿ ಹೋಗಿರುತ್ತಾನೆ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಪವರ್ ಹೋಗಿ ಬಂದಾಗ ಕೂಡ ಕೆಲವು ರಿಸೀವರ್ ಸ್ವಲ್ಪ ಹೊತ್ತು ಹೀಗೆ ಮಾಡುತ್ತವೆ. ಉಪಗ್ರಹದ ಪೂರ್ತಿ ಸಂದೇಶ ಬರಲು 12.5 ನಿಮಿಷ ಬೇಕು. ಲೀಪ್ ಸೆಕೆಂಡಿನ ಮಾಹಿತಿ ಅದರಲ್ಲಿ ಒಂದು ಕಡೆ ಇರುತ್ತದೆ. ಅದು ಸಿಗುವವರೆಗೆ ಅಂದಾಜಿನಲ್ಲಿ ಸಮಯ ಕೊಡುತ್ತಾ ಕೂತಿರುತ್ತವೆ. ಆದರೆ ನಿಮ್ಮದು ತಾತ್ಕಾಲಿಕ ಅಲ್ಲ, ಹಾಗಾಗಿ ಮೆನುವಿನ ಮೇಲೇ ನನ್ನ ಗುಮಾನಿ.

ಹಾಗಾದರೆ ಹಸಿರು ದೀಪ? ಅದು ಹೇಳುವುದು ‘ನನಗೆ ಉಪಗ್ರಹ ಕಾಣುತ್ತಿದೆ’ ಅಂತ ಮಾತ್ರ. ‘ನಾನು ಕೊಡುತ್ತಿರುವ ಸಮಯ ಸರಿ’ ಅಂತ ಅದು ಯಾವತ್ತೂ ಹೇಳಿಲ್ಲ. ನಾವೇ ಹಾಗೆ ಓದಿಕೊಂಡಿದ್ದೇವೆ.

ಯಾವುದು ಸರಿ, ಯಾವುದು ಮುಂದೆ ಅಂತ ನೋಡಲು ದುಬಾರಿ ಉಪಕರಣ ಏನೂ ಬೇಡ. 18 ಸೆಕೆಂಡ್ ದೊಡ್ಡ ಮೊತ್ತ. ಎರಡು ಸರ್ವರ್‌ಗಳ ಡಿಸ್‌ಪ್ಲೇ ಮತ್ತು ಸೆಕೆಂಡ್ ತೋರಿಸುವ ಒಂದು ಮೊಬೈಲ್, ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟು ಇನ್ನೊಂದು ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ. ಆ ವಿಡಿಯೋ ಜೋಪಾನವಾಗಿಡಿ. ಮೆಮೋ ವಿಷಯಕ್ಕೆ ಬೇಕಾಗುತ್ತದೆ, ಕೊನೆಗೆ ಹೇಳುತ್ತೇನೆ.

ಈಗ ನಿಮ್ಮ ಮೂಲ ಆತಂಕಕ್ಕೆ ಬರೋಣ. ಎರಡು ಸರ್ವರ್ ಹಾಕಿಯೂ ಹೀಗೇಕಾಯಿತು?

ನಿಮ್ಮ ಕಡೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಎಲ್ಲರಿಗೂ ಗೊತ್ತು. ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳು ಅದಕ್ಕೇ ಗಡಿಯಾರ ತಿರುಗಿಸಿಕೊಳ್ಳುತ್ತಿದ್ದವು. ಭೋಂಗಾ ಐದು ನಿಮಿಷ ತಡವಾಗಿ ಹೊಡೆದರೂ ಊರಿಗೆಲ್ಲ ಒಂದೇ ತಪ್ಪು. ಶಾಲೆ, ಹಿಟ್ಟಿನ ಗಿರಣಿ, ಚಹಾ ಅಂಗಡಿ, ಯಾರಿಗೂ ಯಾರ ಜೊತೆಗೂ ತಕರಾರಿಲ್ಲ. ಎರಡು ಭೋಂಗಾ ಬೇರೆ ಬೇರೆ ಹೊತ್ತಿಗೆ ಹೊಡೆಯತೊಡಗಿದರೆ? ನಿಮ್ಮಲ್ಲಿ ಆಗಿರುವುದು ಅದೇ. ಘಟನೆಗಳ ಕ್ರಮ ಗೊತ್ತಾಗಬೇಕಾದರೆ ಗಡಿಯಾರ ದಿಲ್ಲಿಯ ಸಮಯಕ್ಕೆ ಸರಿ ಇರುವುದಕ್ಕಿಂತ, ಎಲ್ಲ ಸಾಧನಗಳ ಗಡಿಯಾರ ಒಂದಕ್ಕೊಂದು ಸರಿ ಇರುವುದು ಮುಖ್ಯ. ಒಂದೇ ಸರ್ವರ್ ಇದ್ದು ಅದು 18 ಸೆಕೆಂಡ್ ತಪ್ಪಿದ್ದರೂ ಆ ರಾತ್ರಿ ಬ್ರೇಕರ್ ಮೊದಲೋ ಪಂಪ್ ಮೊದಲೋ ಅಂತ ನಿಮಗೆ ಸರಿಯಾಗಿಯೇ ಗೊತ್ತಾಗುತ್ತಿತ್ತು. ಹೊರಗಿನವರ ಲಾಗ್ ಜೊತೆ ಹೋಲಿಸುವಾಗ ಮಾತ್ರ ಕಷ್ಟ ಆಗುತ್ತಿತ್ತು.

ಗ್ರಿಡ್ ದೊಡ್ಡ ಮಟ್ಟದಲ್ಲಿ ಬಿದ್ದಾಗಲೂ ಇದೇ ತಲೆನೋವು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೋ ಕತ್ತಲಾದಾಗ, ತನಿಖೆಗೆ ಕೂತವರ ಮುಂದೆ ಸಮಯ ಹೊಂದದ ರಾಶಿ ರಾಶಿ ರೆಕಾರ್ಡುಗಳು. ಯಾವುದರ ಹಿಂದೆ ಯಾವುದು ಅಂತ ಜೋಡಿಸಿಕೊಂಡ ಮೇಲಷ್ಟೇ ಕಾರಣ ಹುಡುಕಲು ಸಾಧ್ಯವಾದದ್ದು. ವರದಿಯ 28ನೇ ಶಿಫಾರಸು, ಎಲ್ಲ ರೆಕಾರ್ಡರ್‌ಗಳೂ ಒಂದೇ ಸಮಯಕ್ಕೆ ಹೊಂದಿರುವುದು ಕಡ್ಡಾಯ ಆಗಲಿ ಅಂತ.

ಎರಡು ಸರ್ವರ್ ಇದ್ದರೆ ಸುರಕ್ಷಿತ ಅನ್ನುವ ನಂಬಿಕೆ ಅರ್ಧ ಸರಿ. ಒಂದು ಸತ್ತರೆ ಇನ್ನೊಂದು ಕೆಲಸ ಮಾಡುತ್ತದೆ, ಅಲ್ಲಿಗೆ ಸರಿ. ಆದರೆ ಒಂದು ಸಾಯದೆ ಸುಳ್ಳು ಹೇಳಿದರೆ? ಸತ್ತವನನ್ನು ಗುರುತಿಸುವುದು ಸುಲಭ, ಉತ್ತರ ಬರುವುದಿಲ್ಲ. ಸುಳ್ಳುಗಾರ ಸರಾಗವಾಗಿ ಉತ್ತರ ಕೊಡುತ್ತಾನೆ. ಇಬ್ಬರು ಎರಡು ಮಾತು ಹೇಳಿದಾಗ ಯಾರದು ನಿಜ ಅಂತ ತೀರ್ಮಾನಿಸಲು ಮೂರನೆಯವನು ಬೇಕೇ ಬೇಕು. ಅಷ್ಟರಮಟ್ಟಿಗೆ ನಿಮ್ಮ ಸರ್ವರ್ ಮಾರಾಟಗಾರರು ಹೇಳಿದ್ದು ಬರೀ ವ್ಯಾಪಾರದ ಮಾತಲ್ಲ.

ಆದರೆ ಅವರು ಹೇಳದೆ ಬಿಟ್ಟ ಮಾತೊಂದಿದೆ. ಮೂರಲ್ಲ, ಮೂವತ್ತು ಸರ್ವರ್ ಹಾಕಿದರೂ ನಿಮ್ಮ ಪಿಎಲ್‌ಸಿ ಮತ ಎಣಿಸುವುದಿಲ್ಲ.

ನೆಟ್‌ವರ್ಕ್ ಮೂಲಕ ಸಮಯ ಕೇಳಿ ಹೊಂದಿಸಿಕೊಳ್ಳುವ ಪದ್ಧತಿಗೆ ಎನ್‌ಟಿಪಿ ಅಂತಾರೆ. ಅದನ್ನು ಅಮೆರಿಕದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ಕಟ್ಟಿದರು. ಅದರ ಪೂರ್ತಿ ರೂಪದಲ್ಲಿ ಈ ಮತ ಎಣಿಕೆ ಇದೆ. ಪ್ರತಿ ಸರ್ವರ್ ‘ಸಮಯ ಇಷ್ಟು, ಹೆಚ್ಚುಕಮ್ಮಿ ಇಷ್ಟು’ ಅಂತ ಒಂದು ವ್ಯಾಪ್ತಿ ಹೇಳುತ್ತದೆ. ಹೆಚ್ಚಿನವರ ವ್ಯಾಪ್ತಿ ಎಲ್ಲಿ ಒಂದರ ಮೇಲೊಂದು ಕೂರುತ್ತದೋ ಅಲ್ಲಿ ನಿಜವಾದ ಸಮಯ ಇದೆ ಎಂದು ಕ್ಲೈಂಟ್ ಭಾವಿಸುತ್ತದೆ. ಅದರಿಂದ ಹೊರಗುಳಿದವನನ್ನು ಸುಳ್ಳುಗಾರ ಅಂತ ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಆದರೆ ಪಿಎಲ್‌ಸಿ, ರಿಲೇ, ಫ್ಲೋ ಕಂಪ್ಯೂಟರ್ ಇವುಗಳಲ್ಲಿ ಬಹುಪಾಲು ಇರುವುದು ಎಸ್‌ಎನ್‌ಟಿಪಿ, ಅಂದರೆ ಅದೇ ಮಾತಿನ ಸರಳ ರೂಪ. ಪಟ್ಟಿಯಲ್ಲಿ ಮೊದಲಿನವನನ್ನು ಕೇಳು, ಉತ್ತರ ಬಂದರೆ ಗಡಿಯಾರ ತಿದ್ದು, ಬರದಿದ್ದರೆ ಎರಡನೆಯವನನ್ನು ಕೇಳು. ಮುಗಿಯಿತು. ನಾಲ್ಕು ಸರ್ವರ್ ವಿಳಾಸ ಹಾಕಲು ಜಾಗ ಇದ್ದ ಮಾತ್ರಕ್ಕೆ ಅದು ನಾಲ್ಕನ್ನೂ ಹೋಲಿಸುತ್ತದೆ ಅಂತಲ್ಲ.

ನಿಮ್ಮ ಪ್ಲಾಂಟಿನಲ್ಲಿ ಏನಾಗಿದೆ ಅಂತ ಊಹಿಸುವುದು ಕಷ್ಟವಲ್ಲ. ಎಲೆಕ್ಟ್ರಿಕಲ್ ಗುತ್ತಿಗೆದಾರರು ರಿಲೇಗಳಲ್ಲಿ ಒಂದು ಸರ್ವರ್ ಅನ್ನು ಮೊದಲು ಬರೆದಿದ್ದಾರೆ. ಬಾಯ್ಲರ್ ಪ್ಯಾಕೇಜಿನವರು ಪಿಎಲ್‌ಸಿಗಳಲ್ಲಿ ಇನ್ನೊಂದನ್ನು ಮೊದಲು ಬರೆದಿದ್ದಾರೆ. ಎರಡೂ ಸರ್ವರ್ ಬದುಕಿರುವುದರಿಂದ ಯಾರೂ ಎರಡನೆಯವನ ತನಕ ಹೋಗಿಯೇ ಇಲ್ಲ. ಎರಡು ವರ್ಷದಿಂದ ನಿಮ್ಮ ಕಾರ್ಖಾನೆ ಎರಡು ಕಾಲದಲ್ಲಿ ನಡೆಯುತ್ತಿದೆ. ಟ್ರಿಪ್ ಆಗಲಿಲ್ಲ, ಗೊತ್ತಾಗಲಿಲ್ಲ.

ಹಾಗಾಗಿ ನನ್ನ ಸಲಹೆ ಇದು. ಮತ ಎಣಿಸಬಲ್ಲ ಒಂದು ಪದರವನ್ನು ಮಧ್ಯದಲ್ಲಿ ಇಡಿ. ಫ್ಯಾನ್ ಇಲ್ಲದ ಎರಡು ಸಣ್ಣ ಇಂಡಸ್ಟ್ರಿಯಲ್ ಪಿಸಿ, ಲಿನಕ್ಸ್, ಅದರ ಮೇಲೆ ಪೂರ್ತಿ ಎನ್‌ಟಿಪಿ ನಡೆಸುವ ಕ್ರೋನಿ ಅಥವಾ ಎನ್‌ಟಿಪಿಡಿ ಅನ್ನುವ ಸಾಫ್ಟ್‌ವೇರ್ ಸಾಕು. ಇವು ಎಲ್ಲ ಮೂಲ ಸರ್ವರ್‌ಗಳನ್ನೂ ಕೇಳಿ, ಹೋಲಿಸಿ, ಸುಳ್ಳುಗಾರನನ್ನು ಬಿಟ್ಟು ಸಮಯ ಇಟ್ಟುಕೊಳ್ಳುತ್ತವೆ. ಪಿಎಲ್‌ಸಿ, ರಿಲೇ, ಸ್ಕಾಡಾ ಎಲ್ಲವೂ ಕೇಳುವುದು ಈ ಎರಡು ಪಿಸಿಗಳನ್ನು ಮಾತ್ರ, ಅದೂ ಎಲ್ಲ ಕಡೆ ಒಂದೇ ಕ್ರಮದಲ್ಲಿ. ಜಿಪಿಎಸ್ ಸರ್ವರ್‌ಗಳ ವಿಳಾಸ ಯಾವ ಪಿಎಲ್‌ಸಿಯಲ್ಲೂ ಇರಬಾರದು. ಸ್ಕಾಡಾ ವಿಂಡೋಸ್ ಡೊಮೇನ್‌ನಲ್ಲಿದ್ದರೆ ಆ ಕಂಪ್ಯೂಟರ್‌ಗಳಿಗೆಲ್ಲ ಸಮಯ ಹೇಳುವ ಡೊಮೇನ್ ಕಂಟ್ರೋಲರ್ ಕೂಡ ಇಲ್ಲಿಂದಲೇ ಸಮಯ ತಗೊಳ್ಳಲಿ. ಇಲ್ಲದಿದ್ದರೆ ಅದು ಸದ್ದಿಲ್ಲದೆ ಮತ್ತೊಂದು ಭೋಂಗಾ ಆಗಿಬಿಡುತ್ತದೆ.

ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ನೀವು ಸೇರಿಸಿದ್ದು ಇನ್ನೆರಡು ಕಂಪ್ಯೂಟರ್. ಅವುಗಳಿಗೂ ಅಪ್‌ಡೇಟ್ ಬೇಕು, ಬ್ಯಾಕಪ್ ಬೇಕು, ಪಾಸ್‌ವರ್ಡ್ ಗೊತ್ತಿರುವ ಒಬ್ಬ ಮನುಷ್ಯ ಬೇಕು. ಅಷ್ಟು ನಿಗಾ ಇಡಲು ನಿಮ್ಮಲ್ಲಿ ಜನ ಇಲ್ಲದಿದ್ದರೆ ಒಂದೇ ಒಳ್ಳೆಯ ಸರ್ವರ್, ಕಪಾಟಿನಲ್ಲಿ ಒಂದು ಸ್ಪೇರ್, ಇಷ್ಟರಲ್ಲೇ ಸುಖವಾಗಿರಬಹುದು. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಮೂಲ ಎಷ್ಟಿರಬೇಕು? ಮೂರಿದ್ದರೆ ಒಬ್ಬ ಸುಳ್ಳುಗಾರನನ್ನು ಹಿಡಿಯಬಹುದು. ಆದರೆ ಒಂದನ್ನು ರಿಪೇರಿಗೆ ಕಳಿಸಿದ ದಿನ ಮತ್ತೆ ಎರಡಕ್ಕೆ ಇಳಿದಿರಿ. ಆಗ ಅವೆರಡು ಜಗಳಕ್ಕೆ ಬಿದ್ದರೆ ಪೂರ್ತಿ ಎನ್‌ಟಿಪಿ ಯಾರನ್ನೂ ನಂಬದೆ ಕೈಚೆಲ್ಲಿ ಕೂರುತ್ತದೆ. ಅದಕ್ಕೇ ನಾಲ್ಕು ಇರಲಿ ಅನ್ನುತ್ತಾರೆ. ನಾಲ್ಕೂ ಜಿಪಿಎಸ್ ಪೆಟ್ಟಿಗೆಯೇ ಆಗಬೇಕಿಲ್ಲ, ಆಗಲೂಬಾರದು. ಒಂದೇ ಕಂಪನಿಯ, ಒಂದೇ ಫರ್ಮ್‌ವೇರ್‌ನ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ನಾಲ್ಕು ಪೆಟ್ಟಿಗೆ ಅಂದರೆ ನಾಲ್ಕು ಮತ ಅಲ್ಲ, ಒಂದೇ ಮತದ ನಾಲ್ಕು ನಕಲು.

ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಸುಮಾರು ಹತ್ತೊಂಬತ್ತೂವರೆ ವರ್ಷಕ್ಕೊಮ್ಮೆ. 1999ರ ಆಗಸ್ಟ್‌ನಲ್ಲಿ ಹೀಗಾಯಿತು, 2019ರ ಏಪ್ರಿಲ್ 6ರ ರಾತ್ರಿ ಮತ್ತೆ ಆಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಫರ್ಮ್‌ವೇರ್ ಹಳೆಯದಾದರೆ ರಿಸೀವರ್ ಏಕಾಏಕಿ ಹತ್ತೊಂಬತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ಕೆಲವು ರಿಸೀವರ್ ಒಳಗೆ ತಮ್ಮದೇ ಎಣಿಕೆಯ ಆರಂಭದ ದಿನ ಇಟ್ಟುಕೊಂಡಿರುತ್ತವೆ, ಅವು ಬೇರೆ ಯಾವುದೋ ದಿನ ಕೈಕೊಡುತ್ತವೆ. ಒಂದೇ ಮಾದರಿಯ ಎರಡು ಪೆಟ್ಟಿಗೆ ಒಂದೇ ದಿನ, ಒಂದೇ ಗಳಿಗೆಯಲ್ಲಿ ಒಂದೇ ಸುಳ್ಳು ಹೇಳುತ್ತವೆ. ಮತ ಎಣಿಸಿದರೂ ಸುಳ್ಳೇ ಗೆಲ್ಲುತ್ತದೆ.

ಉಪಗ್ರಹ ವ್ಯವಸ್ಥೆಯೇ ತಪ್ಪುವುದೂ ಉಂಟು. 2016ರ ಜನವರಿ 26ರಂದು ಹಳೆಯ ಒಂದು ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ಆದ ಎಡವಟ್ಟಿನಿಂದ ಯುಟಿಸಿ ಲೆಕ್ಕ 13.7 ಮೈಕ್ರೋಸೆಕೆಂಡ್ ತಪ್ಪಿತು. ನಿಮ್ಮ ಬಾಯ್ಲರ್‌ಗೆ ಅದು ಏನೂ ಅಲ್ಲ. ಟೆಲಿಕಾಂ ಜಾಲಗಳಲ್ಲಿ ಅಲಾರಂ ಹೊಡೆದವು.

ಆದ್ದರಿಂದ ಈಗಿರುವ ಎರಡರ ಜೊತೆಗೆ ಮೂರನೆಯದನ್ನು ಬೇರೆ ಕಂಪನಿಯದು ತಗೊಳ್ಳಿ, ಸಾಧ್ಯವಾದರೆ ನಾವಿಕ್ ಕೂಡ ಓದಬಲ್ಲದ್ದು. ನಾವಿಕ್ ಅಂದರೆ ಜಿಪಿಎಸ್‌ನಂಥ ಭಾರತದ್ದೇ ಉಪಗ್ರಹ ವ್ಯವಸ್ಥೆ. ಅದರ ಸಂಚರಣೆ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಮೊದಲ ಸಾಲಿನ ಉಪಗ್ರಹಗಳಲ್ಲಿ ಆಮದು ಮಾಡಿದ ಪರಮಾಣು ಗಡಿಯಾರಗಳು ಕೈಕೊಟ್ಟ ಮೇಲೆ, 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಆದರೆ ನಾವಿಕ್ ಒಂದನ್ನೇ ನಂಬಿ ಕೂರಬೇಡಿ, ಜೊತೆಗೆ ಇರಲಿ ಅಷ್ಟೇ.

ನಾಲ್ಕನೆಯದಕ್ಕೆ ನಿಮ್ಮ ಐಟಿಯವರ ಮಾತು ಉಪಯೋಗಕ್ಕೆ ಬರುತ್ತದೆ. ಅವರು ಹೇಳುವ ನಿಯಮ ನಿಜ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲಿ ಕಂಪನಿಗಳು ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿ ಅಥವಾ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ, ಅಂದರೆ ಎನ್‌ಪಿಎಲ್‌ನ, ಎನ್‌ಟಿಪಿ ಸರ್ವರ್‌ಗೆ, ಇಲ್ಲವೇ ಅದಕ್ಕೆ ಸಂಬಂಧ ತೋರಿಸಬಹುದಾದ ಸರ್ವರ್‌ಗೆ ಹೊಂದಿಕೊಂಡಿರಬೇಕು ಅಂತಿದೆ. ಭಾರತೀಯ ಕಾಲಮಾನ ಇಟ್ಟುಕೊಳ್ಳುವುದು ಎನ್‌ಪಿಎಲ್. ಆದರೆ ಅದರ ಅರ್ಥ ಪ್ರತಿ ಪಿಎಲ್‌ಸಿಗೂ ಇಂಟರ್ನೆಟ್ ಕೊಡಿ ಅಂತಲ್ಲ. ದಯವಿಟ್ಟು ಕೊಡಬೇಡಿ. ಕಚೇರಿ ನೆಟ್‌ವರ್ಕ್ ಮತ್ತು ಪ್ಲಾಂಟ್ ನೆಟ್‌ವರ್ಕ್ ನಡುವೆ ಎರಡನ್ನೂ ಬೇರ್ಪಡಿಸುವ ಕಾವಲು ಜಾಗ, ಅಂದರೆ ಡಿಎಂಝಡ್‌ನಲ್ಲಿ ಒಂದು ಸರ್ವರ್ ಇಡಿ. ಅದೊಂದೇ ಹೊರಗೆ ಹೋಗಿ, ಯುಡಿಪಿ 123ನೇ ಪೋರ್ಟ್ ಮೂಲಕ ಮಾತ್ರ, ಎನ್‌ಪಿಎಲ್‌ನ ಸಮಯ ತರಲಿ. ಮಧ್ಯದ ಪದರದ ಪಿಸಿಗಳು ಅದನ್ನು ಕೇಳಲಿ.

‘ಇಂಟರ್ನೆಟ್‌ನಿಂದ ಬಂದ ಸಮಯ ಕರಾರುವಾಕ್ಕಾಗಿ ಇರುವುದಿಲ್ಲವಲ್ಲ’ ಅಂತ ನೀವು ಕೇಳಬಹುದು. ಇರುವುದಿಲ್ಲ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯುತ್ತದೆ ಅಂತ ಎನ್‌ಟಿಪಿ ನಂಬುತ್ತದೆ. ಹಾಗಿಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ತಪ್ಪು ಬರುತ್ತದೆ. ಹೋಗಲು 10 ಮಿಲಿಸೆಕೆಂಡ್, ಬರಲು 40 ಆದರೆ 15 ಮಿಲಿಸೆಕೆಂಡ್ ತಪ್ಪು. ಆದರೆ ಈ ನಾಲ್ಕನೆಯವನ ಕೆಲಸ ಮಿಲಿಸೆಕೆಂಡ್ ಕೊಡುವುದಲ್ಲ. 18 ಸೆಕೆಂಡಿನ ಸುಳ್ಳನ್ನೋ 19 ವರ್ಷದ ಸುಳ್ಳನ್ನೋ ಹಿಡಿದು ಕೊಡುವುದು. ಅದಕ್ಕೆ ಇಷ್ಟು ಧಾರಾಳ ಸಾಕು.

ವರ್ಚುವಲ್ ಐಪಿ ವಿಚಾರ ಬೇಗ ಮುಗಿಸುತ್ತೇನೆ: ಬೇಡ. ವೆಬ್ ಸರ್ವರ್‌ಗೆ ಅದು ಒಳ್ಳೆಯ ಉಪಾಯ, ಗಡಿಯಾರಕ್ಕೆ ಅಲ್ಲ. ಎನ್‌ಟಿಪಿ ಕ್ಲೈಂಟ್ ಒಂದು ವಿಳಾಸದ ಹಿಂದಿರುವ ಗಡಿಯಾರದ ನಡವಳಿಕೆಯನ್ನು ಗಂಟೆಗಟ್ಟಲೆ ಗಮನಿಸಿ ತನ್ನನ್ನು ತಿದ್ದಿಕೊಳ್ಳುತ್ತದೆ. ಅದೇ ಹೆಸರಿನಲ್ಲಿ ಹಿಂದಿನಿಂದ ಬೇರೆ ಗಡಿಯಾರ ಬಂದು ಕೂತರೆ ಅದಕ್ಕೆ ತಲೆ ಕೆಡುತ್ತದೆ. ನಿಮ್ಮಲ್ಲಂತೂ ಪ್ರತಿ ಸಲ ಬದಲಾದಾಗಲೂ 18 ಸೆಕೆಂಡ್ ಹಿಂದೆ ಮುಂದೆ ಹಾರಾಟ. ಈಗ ಎರಡು ಕಾಲ ಇದೆ ಅಂತಾದರೂ ಗೊತ್ತು, ಆಗ ಯಾವ ಹೊತ್ತಿನಲ್ಲಿ ಯಾವ ಕಾಲ ಅಂತಲೂ ಗೊತ್ತಾಗುವುದಿಲ್ಲ.

ಪಿಟಿಪಿ? ಒಳ್ಳೆಯದೇ. ಐಇಇಇ 1588 ಅಂತ ಅದರ ಮಾನಕ, 2002ರಲ್ಲಿ ಬಂತು, 2008 ಮತ್ತು 2019ರಲ್ಲಿ ಹೊಸ ಆವೃತ್ತಿ. ಮೈಕ್ರೋಸೆಕೆಂಡ್ ಮಟ್ಟದ ನಿಖರತೆ ಕೊಡುತ್ತದೆ. ಬೇರೆ ಬೇರೆ ಊರಿನಲ್ಲಿ ವೋಲ್ಟೇಜ್ ಕೋನ ಅಳೆದು ಹೋಲಿಸುವ ಫೇಸರ್ ಯಂತ್ರಗಳಿಗೆ ಅದು ಬೇಕು. 50 ಹರ್ಟ್ಸ್‌ನಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 0.018 ಡಿಗ್ರಿ, ಒಂದು ಮಿಲಿಸೆಕೆಂಡ್ ತಪ್ಪಿದರೆ 18 ಡಿಗ್ರಿ. ಆದರೆ ಯಾವುದು ಮೊದಲು ಟ್ರಿಪ್ ಆಯಿತು ಅಂತ ನೋಡಲು ಒಂದು ಮಿಲಿಸೆಕೆಂಡ್ ಸಾಕು. ಪಿಟಿಪಿ ಹಾಕಬೇಕಾದರೆ ದಾರಿಯಲ್ಲಿರುವ ಸ್ವಿಚ್‌ಗಳೆಲ್ಲ ಅದಕ್ಕೆ ಹೊಂದುವಂಥವು ಆಗಬೇಕು, ಖರ್ಚು ಅಲ್ಲಿರುವುದು. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ: ಪಿಟಿಪಿಯೂ ಮತ ಎಣಿಸುವುದಿಲ್ಲ. ‘ನಾನು ಇಷ್ಟು ಒಳ್ಳೆಯ ಗಡಿಯಾರ’ ಅಂತ ಪ್ರತಿಯೊಂದೂ ಸಾರಿಕೊಳ್ಳುತ್ತದೆ, ಹೆಚ್ಚು ಒಳ್ಳೆಯದು ಅಂದುಕೊಂಡದ್ದು ಯಜಮಾನ ಆಗುತ್ತದೆ. ಜಂಬ ಕೊಚ್ಚಿಕೊಳ್ಳುವ ಸುಳ್ಳುಗಾರನಿಗೆ ಅಲ್ಲಿ ಪಟ್ಟ ಸಿಗುತ್ತದೆ. ನಿಮ್ಮ ರಿಲೇಗಳಿಗೆ ಮಿಲಿಸೆಕೆಂಡ್‌ಗಿಂತ ಚೆನ್ನಾಗಿ ಬೇಕೇ ಬೇಕು ಅಂದರೆ ಅವುಗಳ ಹಿಂಬದಿಯಲ್ಲಿ ಐಆರ್‌ಐಜಿ-ಬಿ ಅನ್ನುವ ಸಮಯ ಸಂಕೇತ ತಗೊಳ್ಳುವ ಪಿನ್ ಇದೆಯಾ ನೋಡಿ. ಸರ್ವರ್‌ನಿಂದ ರಿಲೇ ಪ್ಯಾನಲ್‌ಗೆ ಒಂದು ಜೋಡಿ ತಂತಿ ಎಳೆದರೆ ಆಯಿತು, ನೆಟ್‌ವರ್ಕ್‌ನ ಹಂಗೇ ಇಲ್ಲ. ಹಳೆಯ ವಿಧಾನ, ಆದರೂ ನನಗೆ ಇವತ್ತಿಗೂ ಇಷ್ಟ. ಆ ಸರ್ವರ್ ಹೇಳುವುದು ಸರಿಯಾ ಅಂತ ಹೋಲಿಸುವ ಕೆಲಸ ಮಾತ್ರ ಆಗಲೂ ಬಿಡುವಂತಿಲ್ಲ.

ಸರ್ವರ್ ಬಗ್ಗೆಯೇ ಮಾತಾಡುತ್ತಾ ಸಾಧನಗಳನ್ನು ಮರೆಯುವುದು ಈ ಕೆಲಸದಲ್ಲಿ ಸಾಮಾನ್ಯ. ಪಿಎಲ್‌ಸಿ ಒಳಗಿನ ಹರಳು ಅಂದರೆ ಕ್ವಾರ್ಟ್ಸ್, ಸಾಧಾರಣವಾಗಿ ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಓಡುತ್ತದೆ. ದಿನಕ್ಕೆ ಸುಮಾರು 1.7 ಸೆಕೆಂಡ್. ಅದು ಗಂಟೆಗೊಮ್ಮೆ ಸರ್ವರ್ ಕೇಳಿದರೆ ನಡುವೆ 72 ಮಿಲಿಸೆಕೆಂಡ್ ಜಾರಿರುತ್ತದೆ. ಒಂದು ಪಿಎಲ್‌ಸಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಜಾರಿದರೆ 144. ನಿಮಿಷಕ್ಕೊಮ್ಮೆ ಕೇಳುವಂತೆ ಮಾಡಿದರೆ ಒಂದೊಂದರ ಜಾರಾಟವೂ 1.2 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ, ಸೆಟ್ಟಿಂಗ್ ಬದಲಿಸುವುದಷ್ಟೇ.

ಮತ್ತೊಂದು, ಸಮಯದ ಮುದ್ರೆ ಎಲ್ಲಿ ಬೀಳುತ್ತದೆ ಅಂತ ನೋಡಿ. ನಿಮ್ಮ ಫೀಡ್ ಪಂಪ್ ಲಾಗ್ ಪಿಎಲ್‌ಸಿಯದು ಅಂತ ಬರೆದಿದ್ದೀರಿ, ಒಳ್ಳೆಯದು. ಆದರೆ ಎಷ್ಟೋ ಕಡೆ ಸ್ಕಾಡಾ ಒಂದೋ ಎರಡೋ ಸೆಕೆಂಡಿಗೊಮ್ಮೆ ಮಾಡ್‌ಬಸ್ ಅನ್ನುವ ಸಂಪರ್ಕದಲ್ಲಿ ಪಿಎಲ್‌ಸಿಯನ್ನು ಓದಿ, ತಾನು ಓದಿದ ಹೊತ್ತನ್ನು ಬರೆದುಕೊಂಡಿರುತ್ತದೆ. ಅಲ್ಲಿ ಎರಡು ಸೆಕೆಂಡ್ ಒಳಗಿನ ಕ್ರಮ ನೋಡುವುದರಲ್ಲಿ ಅರ್ಥವೇ ಇಲ್ಲ. ದೇವಲೋಕದ ಗಡಿಯಾರ ತಂದಿಟ್ಟರೂ ಅಷ್ಟೇ.

ಆಂಟೆನಾ ಬಗ್ಗೆ ಎರಡು ಮಾತು. ಎರಡೂ ಆಂಟೆನಾ ಒಂದೇ ಛಾವಣಿಯ ಮೇಲೆ, ಎರಡೂ ಸರ್ವರ್ ಒಂದೇ ಯುಪಿಎಸ್ ಮೇಲೆ, ಒಂದೇ ಸ್ವಿಚ್‌ಗೆ ಹೊಂದಿಕೊಂಡಿವೆಯಾ ನೋಡಿ. ಹಾಗಿದ್ದರೆ ಅದು ಎರಡು ಅಲ್ಲ, ಒಂದೂಕಾಲು. ಮಲೆನಾಡಿನ ಒಂದು ಕಾರ್ಖಾನೆಯಲ್ಲಿ ಸರ್ವರ್ ಪದೇ ಪದೇ ಉಪಗ್ರಹ ಕಳೆದುಕೊಳ್ಳುತ್ತಿತ್ತು. ಮೂರು ದಿನ ಒಳಗೆ ಕೂತು ಕೇಬಲ್, ಸೆಟ್ಟಿಂಗ್ ಎಲ್ಲ ನೋಡಿ ಸುಸ್ತಾದೆವು. ಕೊನೆಗೆ ಛಾವಣಿ ಹತ್ತಿದರೆ ಆಂಟೆನಾ ಕಂಬಕ್ಕೆ ಮಂಗಗಳು ಜೋತುಬಿದ್ದು ಜೋಕಾಲಿ ಆಡುತ್ತಿವೆ! ಪಕ್ಕದಲ್ಲೇ ಯಾರೋ ತಂದಿಟ್ಟ ಎರಡು ಕಪ್ಪು ನೀರಿನ ಟ್ಯಾಂಕ್ ಅರ್ಧ ಆಕಾಶ ಮರೆಮಾಡಿದ್ದವು. ಕಂಬ ಬದಲಿಸಿ, ಟ್ಯಾಂಕ್‌ನಿಂದ ದೂರ ಸರಿಸಿ, ಸಿಡಿಲಿಗೆ ಸರ್ಜ್ ಅರೆಸ್ಟರ್ ಹಾಕಿ ಬಂದೆವು.

ಆಂಟೆನಾ ಹೋದ ಮೇಲೆ ಸರ್ವರ್ ತನ್ನೊಳಗಿನ ಹರಳಿನ ಮೇಲೆ ಎಷ್ಟು ದಿನ ನಿಲ್ಲಬಲ್ಲದು ಅಂತ ಕೊಳ್ಳುವಾಗಲೇ ಕೇಳಿ. ಹತ್ತು ಲಕ್ಷಕ್ಕೆ ಒಂದರಷ್ಟು ಜಾರುವ ಅಗ್ಗದ ಹರಳಾದರೆ ದಿನಕ್ಕೆ 86 ಮಿಲಿಸೆಕೆಂಡ್. ಒಲೆಯಂಥ ಪುಟ್ಟ ಡಬ್ಬಿಯಲ್ಲಿ ಬೆಚ್ಚಗಿಟ್ಟ ಒಳ್ಳೆಯ ಹರಳಾದರೆ ದಿನಕ್ಕೆ ಒಂದು ಮಿಲಿಸೆಕೆಂಡೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಉಪಗ್ರಹ ಹೋದ ಮೇಲೆ ಅದು ‘ನನ್ನ ಮೇಲೆ ಭರವಸೆ ಕಡಿಮೆ ಮಾಡಿಕೊಳ್ಳಿ’ ಅಂತ ನೆಟ್‌ವರ್ಕ್‌ಗೆ ಹೇಳುತ್ತದಾ, ಇಲ್ಲ ಏನೂ ಆಗದಂತೆ ಮೊದಲ ದರ್ಜೆಯವನಾಗಿಯೇ ಕೂರುತ್ತದಾ? ಕೆಲವು ಕೂರುತ್ತವೆ. ಆಂಟೆನಾ ಕೇಬಲ್ ಬಿಚ್ಚಿ ಒಂದು ದಿನ ಬಿಟ್ಟು ನೋಡದೆ ಇದು ಗೊತ್ತಾಗುವುದಿಲ್ಲ.

ಇದೆಲ್ಲ ಹಂಗಾಮು ಮುಗಿದ ಮೇಲಿನ ಕೆಲಸ. ಈಗ ಕಬ್ಬು ಅರೆಯುತ್ತಿರುವಾಗ ಒಂದೇ ಕೆಲಸ ಮಾಡಿ. ಯುಟಿಸಿ ಸರಿ ಇರುವ ಸರ್ವರ್ ಯಾವುದು ಅಂತ ಖಚಿತ ಮಾಡಿಕೊಂಡು, ಎಲ್ಲ ಸಾಧನಗಳಲ್ಲೂ ಅದೊಂದನ್ನೇ ಬಿಟ್ಟು ಇನ್ನೊಂದರ ವಿಳಾಸ ತೆಗೆಯಿರಿ. ಅದು ಸತ್ತರೆ ಪ್ಲಾಂಟ್ ನಿಲ್ಲುವುದಿಲ್ಲ, ಗಡಿಯಾರಗಳು ನಿಧಾನಕ್ಕೆ ಜಾರುತ್ತವೆ ಅಷ್ಟೇ. ತಪ್ಪಿರುವ ಸರ್ವರ್‌ನ ಮೆನು ಈಗಲೇ ತಿದ್ದಲು ಹೋಗಬೇಡಿ. ತಿದ್ದಿದ ಕ್ಷಣ ಅದನ್ನು ನಂಬಿದ ಸಾಧನಗಳೆಲ್ಲ ಒಟ್ಟಿಗೆ 18 ಸೆಕೆಂಡ್ ಹಿಂದಕ್ಕೆ ಹಾರುತ್ತವೆ. ಒಂದೊಂದೇ ಸಾಧನವನ್ನು, ಅದರ ಮುಂದೆ ನಿಂತು, ಸರಿಯಾದ ಸರ್ವರ್‌ಗೆ ಬದಲಿಸಿ.

ಹಿಂದಕ್ಕೆ ಹಾರುವುದು ಅಂದರೆ ಏನು ಅಂತ ನಾನು ಒಮ್ಮೆ ಪಾಠ ಕಲಿತಿದ್ದೇನೆ. ಒಂದು ಕಡೆ ಮಿಶ್ರ ರಸದ ಫ್ಲೋ ಮೀಟರ್ ಪ್ರತಿ ಶಿಫ್ಟ್ ಕೊನೆಗೆ ಒಟ್ಟು ಮೊತ್ತ ಬರೆದು ಸೊನ್ನೆಗೆ ಬರುತ್ತಿತ್ತು. ಬೆಳಗ್ಗೆ 6:00:10ಕ್ಕೆ ನಾನು ಸರ್ವರ್ ಬದಲಿಸಿದೆ, ಗಡಿಯಾರ 5:59:55ಕ್ಕೆ ಹೋಯಿತು. ಐದು ಸೆಕೆಂಡ್ ಬಿಟ್ಟು ಮತ್ತೆ ಆರು ಗಂಟೆ ಹೊಡೆಯಿತು. ಎರಡನೇ ಸಲ ಬರೆದ ಮೊತ್ತ ಮೊದಲಿನದನ್ನು ಅಳಿಸಿತು. ಇಡೀ ರಾತ್ರಿ ಪಾಳಿಯ ರಸದ ಲೆಕ್ಕ ಹದಿನೈದು ಸೆಕೆಂಡಿನದಾಗಿ ಹೋಯಿತು. ಕೆಮಿಸ್ಟ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಿಮ್ಮಲ್ಲೂ ಗಡಿಯಾರ ನೋಡಿ ಕೆಲಸ ಮಾಡುವ ಲಾಜಿಕ್ ಎಲ್ಲೆಲ್ಲಿದೆ ಅಂತ ಮೊದಲು ಪಟ್ಟಿ ಮಾಡಿ, ಶಿಫ್ಟ್ ಬದಲಾಗುವ ಹೊತ್ತಿನಿಂದ ದೂರ ಇರಿ.

‘ನಿಧಾನಕ್ಕೆ ತಿದ್ದಿಕೊಳ್ಳಲಿ, ಹಾರುವುದು ಬೇಡ’ ಅಂದರೂ ಆಗುತ್ತದೆ, ಆದರೆ ಹೊತ್ತು ಬೇಕು. ಎನ್‌ಟಿಪಿಡಿ ಗಡಿಯಾರವನ್ನು ಸೆಕೆಂಡಿಗೆ ಅರ್ಧ ಮಿಲಿಸೆಕೆಂಡ್‌ಗಿಂತ ಹೆಚ್ಚು ಎಳೆಯುವುದಿಲ್ಲ. ಆ ಲೆಕ್ಕದಲ್ಲಿ 18 ಸೆಕೆಂಡ್ ಸರಿಯಾಗಲು ಹತ್ತು ಗಂಟೆ. ಪಿಎಲ್‌ಸಿಗಳಿಗೆ ಈ ತಾಳ್ಮೆ ಸಾಮಾನ್ಯವಾಗಿ ಇರುವುದಿಲ್ಲ, ಅವು ಹಾರಿಯೇ ಬಿಡುತ್ತವೆ.

ಹಂಗಾಮು ಮುಗಿದ ಮೇಲೆ ಎಲ್ಲ ಕೂಡಿಸಿದಾಗ ಸುಮ್ನೆ ಪವರ್ ಆಫ್ ಮಾಡಿ ‘ರಿಡಂಡೆನ್ಸಿ ಸರಿ ಇದೆ’ ಅಂತ ಸಹಿ ಹಾಕಿಸಿಕೊಂಡು ಹೋಗಲು ಯಾರಿಗೂ ಬಿಡಬೇಡಿ. ಸುಳ್ಳು ಹೇಳಿಸಿ ನೋಡಿ. ಟೇಬಲ್ ಮೇಲೆ ಒಂದು ಸ್ಪೇರ್ ಪಿಎಲ್‌ಸಿ, ಬೇಕೆಂದೇ ಐದು ನಿಮಿಷ ತಪ್ಪಿಟ್ಟ ಒಂದು ಸರ್ವರ್. ಪಿಎಲ್‌ಸಿ ಒಪ್ಪಿಕೊಳ್ಳುತ್ತದಾ? ಮಧ್ಯದ ಪಿಸಿ ಅದನ್ನು ಹೊರಗಿಡುತ್ತದಾ? ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರುತ್ತದಾ? ಆ ಅಲಾರಂ ಕಟ್ಟುವುದು ಬಹಳ ಸುಲಭ. ಎರಡು ಸರ್ವರ್‌ಗಳ ಸಮಯ ಒಂದರಿಂದ ಒಂದು ಕಳೆದು, 50 ಮಿಲಿಸೆಕೆಂಡ್ ದಾಟಿದರೆ ಸ್ಕಾಡಾದಲ್ಲಿ ಒಂದು ಕೆಂಪು ಗೆರೆ. ಎರಡು ವರ್ಷದ ಹಿಂದೆ ಇದೊಂದು ಅಲಾರಂ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ನು ಮೆಮೋ. ವಿಡಿಯೋದಲ್ಲಿ ರಿಲೇಗಳು ನಂಬಿರುವ ಸರ್ವರ್ 18 ಸೆಕೆಂಡ್ ಮುಂದಿದೆ ಅಂತ ಕಂಡರೆ, ರಿಲೇ ಲಾಗ್‌ನ 02:41:21ರಿಂದ 18 ಕಳೆಯಿರಿ. ಬ್ರೇಕರ್ ಬಿಚ್ಚಿಕೊಂಡದ್ದು 02:41:03ಕ್ಕೆ. ಫೀಡ್ ಪಂಪ್ ನಿಂತದ್ದು 02:41:05ಕ್ಕೆ. ಅಂದರೆ ಮೊದಲು ಗ್ರಿಡ್ ಹೋಗಿದೆ, ಟರ್ಬೈನ್ ಒಂಟಿಯಾಗಿ ನಿಲ್ಲಲಾರದೆ ಕೈಬಿಟ್ಟಿದೆ, ಪ್ಲಾಂಟಿನೊಳಗೆ ಕರೆಂಟ್ ಹಂಚುವ ಬಸ್‌ನಲ್ಲಿ ಕರೆಂಟ್ ಇಲ್ಲದೆ ಪಂಪ್ ನಿಂತಿದೆ. ಲೈಟು ಮಿಣುಕಿದ್ದಕ್ಕೂ ಇದು ಹೊಂದುತ್ತದೆ. ಆದರೆ ಮೂಲ ಲಾಗ್ ಫೈಲ್ ಮುಟ್ಟಬೇಡಿ, ತಿದ್ದುಪಡಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ‘ಆ ರಾತ್ರಿಯೂ 18 ಸೆಕೆಂಡೇ ಇತ್ತು ಅಂತ ಏನು ಗ್ಯಾರಂಟಿ’ ಅಂತ ಖಂಡಿತ ಯಾರಾದರೂ ಕೇಳುತ್ತಾರೆ. ಅದಕ್ಕೆ ಲೈನಿನ ಆ ತುದಿಯ ಸಬ್‌ಸ್ಟೇಷನ್‌ಗೆ ಒಂದು ಪತ್ರ ಬರೆದು ಅವರ ರಿಲೇ ರೆಕಾರ್ಡ್ ಕೇಳಿ. ಅದೇ ದೋಷವನ್ನು ಅವರ ಗಡಿಯಾರವೂ ನೋಡಿರುತ್ತದೆ. ರಿಲೇಗಳ ಮೆಮೊರಿ ಚಿಕ್ಕದು, ಹೊಸ ಘಟನೆ ಬಂದಂತೆ ಹಳೆಯದು ಅಳಿಯುತ್ತದೆ. ಆಗಲೇ ಒಂದು ತಿಂಗಳಾಗಿದೆ, ಪತ್ರ ಇವತ್ತೇ ಹೋಗಲಿ.